ನಡುದಾರಿಯಲ್ಲಿ ತಿದ್ದಿದ ಕರಾರು

ಬ್ರಿಟನ್ನಿನ ಗೃಹ ಸಚಿವೆ ಶಬಾನಾ ಮಹಮೂದ್ 2025ರ ನವೆಂಬರ್ 20ರಂದು ಅಲ್ಲಿನ ಸಂಸತ್ತಿನ ಮುಂದಿಟ್ಟ ಪ್ರಸ್ತಾವವು ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮ ಸಮಾಜದ ಅನೇಕ ಕುಟುಂಬಗಳಿಗೆ ದೂರದೇಶದ ಸುದ್ದಿಯಲ್ಲ. ಮಗನನ್ನೋ ಮಗಳನ್ನೋ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಅಲ್ಲಿಗೆ ಕಳುಹಿಸಿದ ಮನೆಗಳಿಗೆ ಅದು ನೇರವಾಗಿ ತಟ್ಟುತ್ತದೆ. ಈ ವೀಸಾದಲ್ಲಿ ಐದು ವರ್ಷ ದುಡಿದವರು ಕಾಯಂ ವಾಸದ ಅನುಮತಿಗೆ ಅರ್ಜಿ ಸಲ್ಲಿಸಬಹುದೆಂಬುದು ಇದುವರೆಗಿನ ನಿಯಮ. ಇನ್ನು ಆ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸಬೇಕೆಂಬುದು ಪ್ರಸ್ತಾವ. ಪದವಿಮಟ್ಟಕ್ಕಿಂತ ಕೆಳಗಿನ ದರ್ಜೆಯದೆಂದು ಗುರುತಿಸಿದ ಕೆಲಸಗಳಲ್ಲಿರುವವರಿಗೆ, ಮುಖ್ಯವಾಗಿ ವೃದ್ಧರ ಆರೈಕೆಗೆಂದು ಕರೆಸಿಕೊಂಡವರಿಗೆ, ಹದಿನೈದು ವರ್ಷ.

ಇದು ನಾಳೆ ಹೊರಡುವವರಿಗೆ ಮಾತ್ರ ಅನ್ವಯಿಸುವುದಾಗಿದ್ದರೆ ಆಕ್ಷೇಪಕ್ಕೆ ಹೆಚ್ಚಿನ ಎಡೆಯಿರಲಿಲ್ಲ. ಈಗಾಗಲೇ ಅಲ್ಲಿ ನಾಲ್ಕು ವರ್ಷ ತೆರಿಗೆ ಕಟ್ಟಿ, ಬಾಡಿಗೆ ತೆತ್ತು, ಮಕ್ಕಳನ್ನು ಶಾಲೆಗೆ ಹಚ್ಚಿ, ಐದನೆಯ ವರ್ಷವನ್ನು ಬೆರಳೆಣಿಸಿ ಕಾಯುತ್ತಿರುವವರಿಗೂ ಇದನ್ನೇ ಅನ್ವಯಿಸಲು ಹೊರಟಿದ್ದಾರೆ. ಪ್ರಸ್ತಾವದ ಅನ್ಯಾಯ ಇರುವುದು ಇಲ್ಲಿ.

ತನ್ನ ನೆಲಕ್ಕೆ ಯಾರನ್ನು ಬರಗೊಡಬೇಕೆಂದು ನಿರ್ಧರಿಸುವ ಅಧಿಕಾರ ಪ್ರತಿಯೊಂದು ರಾಷ್ಟ್ರಕ್ಕೂ ಉಂಟು. 2025ರ ಜುಲೈ 22ರಿಂದ ಬ್ರಿಟನ್ ಈ ವೀಸಾದ ಕನಿಷ್ಠ ಸಂಬಳವನ್ನು 38,700 ಪೌಂಡ್‌ನಿಂದ 41,700ಕ್ಕೆ ಏರಿಸಿತು. ಪದವಿಮಟ್ಟದ ಕೆಲಸವೇ ಆಗಬೇಕೆಂದಿತು. ಆರೈಕೆ ಕೆಲಸಕ್ಕೆ ಹೊರದೇಶಗಳಿಂದ ಜನರನ್ನು ಕರೆಸುವುದನ್ನೇ ನಿಲ್ಲಿಸಿತು. ನಿಷ್ಠುರವೇ ಸರಿ, ಆದರೂ ಬಾಗಿಲಲ್ಲೇ ಹೇಳಿದ ಮಾತು. ಒಪ್ಪದವನು ಹೊರಡದಿರಬಹುದು. ಒಳಗೆ ಕರೆದು, ಊಟಕ್ಕೆ ಕೂರಿಸಿ, ಅರ್ಧ ಊಟದಲ್ಲಿ ಎಲೆಯ ಬೆಲೆಯನ್ನು ದುಪ್ಪಟ್ಟು ಮಾಡುವುದು ಬೇರೆಯೇ ಮಾತು.

"ಅವರ ದೇಶ, ಅವರ ಕಾನೂನು, ಹೋಗೆಂದು ಯಾರು ಹೇಳಿದ್ದರು?" ಎಂದು ನಮ್ಮಲ್ಲಿಯೇ ಹಿರಿಯರು ಕೇಳುವುದುಂಟು. ಹೇಳಿದ್ದು ಬ್ರಿಟನ್ನಿನ ಸರ್ಕಾರವೇ. ಐರೋಪ್ಯ ಒಕ್ಕೂಟವನ್ನು ತೊರೆದ ಮೇಲೆ ಕೈಗಳ ಕೊರತೆ ಬಿದ್ದಾಗ ಹೊಸ ವೀಸಾ ವ್ಯವಸ್ಥೆಯನ್ನು ಕಟ್ಟಿ ಜಗತ್ತಿಗೆ ಸಾರಿದ್ದು ಅದೇ ಸರ್ಕಾರ. 2022ರ ಫೆಬ್ರವರಿಯಲ್ಲಿ ಆರೈಕೆ ಕೆಲಸಗಾರರನ್ನೂ ಆ ಪಟ್ಟಿಗೆ ಸೇರಿಸಿದ್ದು ಅದೇ ಸರ್ಕಾರ. ಐದು ವರ್ಷದ ಅವಧಿಯೂ ಏಜೆಂಟರು ಕಿವಿಯಲ್ಲಿ ಉಸುರಿದ ಗುಟ್ಟಾಗಿರಲಿಲ್ಲ, ಸರ್ಕಾರವೇ ಪ್ರಕಟಿಸಿದ ನಿಯಮವಾಗಿತ್ತು. 2026ರಿಂದ 2030ರವರೆಗೆ ಸುಮಾರು 16 ಲಕ್ಷ ಮಂದಿ ಕಾಯಂ ವಾಸಕ್ಕೆ ಅರ್ಹರಾಗುವರೆಂಬ ಅಂದಾಜನ್ನು ಈಗ ಅಪಾಯದ ಗಂಟೆಯಂತೆ ಬಾರಿಸಲಾಗುತ್ತಿದೆ. ಅವರೆಲ್ಲರ ವೀಸಾಗಳ ಮೇಲೆ ಮುದ್ರೆಯೊತ್ತಿದವರು ಯಾರು?

ಬ್ರಿಟನ್ ಇಂಥ ಕೆಲಸ ಮಾಡುತ್ತಿರುವುದು ಮೊದಲ ಸಲವೇನಲ್ಲ. 2002ರಲ್ಲಿ ಹೈಲಿ ಸ್ಕಿಲ್ಡ್ ಮೈಗ್ರೆಂಟ್ ಪ್ರೋಗ್ರಾಂ ಎಂಬ ಯೋಜನೆ ಆರಂಭವಾಗಿ, ಭಾರತದಿಂದ ಅನೇಕ ವೈದ್ಯರೂ ಎಂಜಿನಿಯರರೂ ಅದರಡಿ ಹೋದರು. 2006ರಲ್ಲಿ ಸರ್ಕಾರ ಕಾಯಂ ವಾಸದ ಅವಧಿಯನ್ನು ನಾಲ್ಕರಿಂದ ಐದು ವರ್ಷಕ್ಕೆ ಏರಿಸಿತು. ವೀಸಾ ವಿಸ್ತರಣೆಯ ಅಳತೆಗೋಲನ್ನೂ ಬದಲಿಸಿ, ಆಗಲೇ ಒಳಗಿದ್ದವರಿಗೂ ಅನ್ವಯಿಸಿತು. ವಲಸಿಗರು ಸಂಘಟಿತರಾಗಿ ಲಂಡನ್ನಿನ ಹೈಕೋರ್ಟಿನ ಮೊರೆಹೊಕ್ಕರು. ಸೇರಿದಾಗ ಇದ್ದ ನಿಯಮಗಳ ಪ್ರಯೋಜನ ಅವರಿಗೆ ಸಲ್ಲಬೇಕೆಂದು 2008ರ ಏಪ್ರಿಲ್‌ನಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಕಾಯಂ ವಾಸದ ಅವಧಿಯ ಪ್ರಶ್ನೆಯಲ್ಲಿಯೂ 2009ರಲ್ಲಿ ಅವರೇ ಗೆದ್ದರು. ಆಗಿನ ಯೋಜನೆಯ ಮಾರ್ಗಸೂಚಿಯಲ್ಲಿ ಸ್ಪಷ್ಟ ಭರವಸೆಯಿತ್ತು, ಈಗಿನದರಲ್ಲಿ ಅಷ್ಟು ಬಿಚ್ಚುಮಾತಿಲ್ಲ ಎಂದು ಸರ್ಕಾರದ ವಕೀಲರು ವಾದಿಸಬಹುದು. ಕಾನೂನಿನ ಕಣ್ಣಿಗೆ ಆ ವ್ಯತ್ಯಾಸ ದೊಡ್ಡದಿರಬಹುದು. ಮನೆ ಮಾರಿ ಹೋದವನ ಬದುಕಿಗೆ ಅದು ಯಾವ ವ್ಯತ್ಯಾಸವನ್ನೂ ತರುವುದಿಲ್ಲ.

ಐದು ವರ್ಷ ಹೆಚ್ಚು ಕಾದರೆ ಏನು ಹೋಯಿತು ಎನ್ನುವವರು ಈ ವೀಸಾದ ಸ್ವರೂಪವನ್ನು ತಿಳಿಯಬೇಕು. ಸ್ಕಿಲ್ಡ್ ವರ್ಕರ್ ವೀಸಾ ವ್ಯಕ್ತಿಯ ಅರ್ಹತೆಗೆ ಮಾತ್ರ ಸಿಗುವಂಥದಲ್ಲ. ಅವನನ್ನು ಸ್ಪಾನ್ಸರ್ ಮಾಡಿದ ಸಂಸ್ಥೆಗೆ ಅದು ಕಟ್ಟಿಕೊಂಡಿರುತ್ತದೆ. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನಗಳೊಳಗೆ ಇನ್ನೊಬ್ಬ ಸ್ಪಾನ್ಸರ್ ದೊರೆಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಹೀಗಿರುವಾಗ ಯಜಮಾನನು ಹೆಚ್ಚು ಹೊತ್ತು ದುಡಿಸಿದರೆ ಎದುರಾಡುವವರಾರು? ಸಂಬಳ ತಡಮಾಡಿದರೆ ದೂರು ಕೊಡುವವರಾರು? ಆರೈಕೆ ಕ್ಷೇತ್ರದಲ್ಲಿ ಇದರ ವಿಕಾರರೂಪ ಬಯಲಾಗಿದೆ. 2022ರ ಜುಲೈಯಿಂದ 2024ರ ಕೊನೆಯವರೆಗೆ ಆ ಕ್ಷೇತ್ರದ 470ಕ್ಕೂ ಹೆಚ್ಚು ಸಂಸ್ಥೆಗಳ ಸ್ಪಾನ್ಸರ್ ಪರವಾನಗಿಯನ್ನು ಬ್ರಿಟಿಷ್ ಸರ್ಕಾರವೇ ರದ್ದುಪಡಿಸಿತು. ತಪ್ಪು ಸಂಸ್ಥೆಯದು, ಬೀದಿಗೆ ಬಿದ್ದವರು ಸಾವಿರಾರು ಸಾಲ ಮಾಡಿ ಬಂದ ಕೆಲಸಗಾರರು. ಕಾಯಂ ವಾಸದ ಅನುಮತಿಯೆಂದರೆ ಈ ಹಗ್ಗ ಕಡಿಯುವ ದಿನ, ಅಂದಿನಿಂದ ಯಜಮಾನನಿಗೆ 'ಆಗದು' ಎನ್ನುವ ಧೈರ್ಯ. ಅದನ್ನು ಐದರಿಂದ ಹತ್ತಕ್ಕೆ, ಹದಿನೈದಕ್ಕೆ ತಳ್ಳುವುದೆಂದರೆ ಒಬ್ಬ ಮನುಷ್ಯನ ದುಡಿಮೆಯ ವಯಸ್ಸಿನ ಬಹುಪಾಲನ್ನು ಇನ್ನೊಬ್ಬನ ಕೈಗೆ ಒತ್ತೆಯಿಡುವುದು.

ಹಣದ ಲೆಕ್ಕವನ್ನೂ ನೋಡೋಣ. ವೀಸಾದಲ್ಲಿರುವವರು ಆದಾಯ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್‌ಗಳ ಮೇಲೆ ಆರೋಗ್ಯ ಸೇವೆಗೆಂದು ವರ್ಷಕ್ಕೆ ತಲಾ 1,035 ಪೌಂಡ್ ತೆರಬೇಕು, ಮಕ್ಕಳಿಗೆ 776. ದಂಪತಿ, ಇಬ್ಬರು ಮಕ್ಕಳ ಸಂಸಾರಕ್ಕೆ ವರ್ಷಕ್ಕೆ 3,622 ಪೌಂಡ್. ಹೆಚ್ಚುವರಿ ಐದು ವರ್ಷಕ್ಕೆ 18,110 ಪೌಂಡ್, ಅಂದರೆ ಇಪ್ಪತ್ತು ಲಕ್ಷ ರೂಪಾಯಿಗೂ ಮೀರಿದ ಮೊತ್ತ. ಆರೋಗ್ಯ ಸಂಬಂಧಿ ವೀಸಾದವರಿಗೆ ಮಾತ್ರ ಇದರಿಂದ ವಿನಾಯಿತಿ. ವೀಸಾ ನವೀಕರಣದ ಶುಲ್ಕ ಬೇರೆ. ಇಷ್ಟನ್ನೂ ಕಟ್ಟುವವರಿಗೆ ಸರ್ಕಾರದ ಭತ್ಯೆ ಪಡೆಯುವ ಹಕ್ಕಿಲ್ಲ. ಆದರೂ ಇವರು ಇನ್ನೂ ಏನೋ 'ಗಳಿಸಬೇಕಾಗಿದೆ'ಯಂತೆ.

ಗಳಿಕೆಯ ಅರ್ಥವಾದರೂ ಏನು? ಮೂರು ವರ್ಷ ವಾರ್ಷಿಕ 1,25,140 ಪೌಂಡ್ ತೆರಿಗೆಯೋಗ್ಯ ವರಮಾನವಿದ್ದವನು ಮೂರೇ ವರ್ಷಕ್ಕೆ ಕಾಯಂ ಆಗಬಹುದು. 50,270 ಪೌಂಡ್ ಇದ್ದವನು ಐದು ವರ್ಷಕ್ಕೆ. ಹಾಸಿಗೆ ಹಿಡಿದ ಮುದುಕರ ಮೈ ತೊಳೆದವಳಿಗೆ ಹದಿನೈದು. ಸಮಾಜಕ್ಕೆ ಸಲ್ಲಿಸಿದ ಕೊಡುಗೆಯನ್ನು ಸಂಬಳದ ಚೀಟಿಯಿಂದ ಅಳೆದರೆ ಹೀಗೇ ಆಗುತ್ತದೆ. ಇದರೊಳಗೆ ಇನ್ನೊಂದು ಕೊಕ್ಕೆ ಇದೆ. ಕನಿಷ್ಠ ಮೂರರಿಂದ ಐದು ವರ್ಷ 12,570 ಪೌಂಡ್‌ಗಿಂತ ಹೆಚ್ಚಿನ ಸ್ವಂತ ಗಳಿಕೆ ಇರಬೇಕು, ಅವಲಂಬಿತರ ಅರ್ಹತೆಯನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕು ಎಂಬುದು ಪ್ರಸ್ತಾವ. ಇಲ್ಲಿ ಕೆಲಸ ಬಿಟ್ಟು ಗಂಡನ ಹಿಂದೆ ಹೋಗಿ, ಮಕ್ಕಳನ್ನು ಸಾಕುತ್ತ ಮನೆಯಲ್ಲಿದ್ದ ನಮ್ಮ ಹೆಣ್ಣುಮಕ್ಕಳು ಆ ಲೆಕ್ಕದಲ್ಲಿ ಎಲ್ಲಿ ಬರುತ್ತಾರೆ? ಗಂಡನಿಗೆ ನೆಲೆ, ಹೆಂಡತಿಗೆ ಮತ್ತೆ ವೀಸಾ ಎಂಬ ಸ್ಥಿತಿ ಒದಗಿದರೆ ದಾಂಪತ್ಯದಲ್ಲಿ ಅವಳ ಸ್ಥಾನವೇನಾದೀತು? ನಮ್ಮ ವಧೂವರ ಸಮಾವೇಶಗಳಲ್ಲಿ "ಪಿ.ಆರ್. ಆಗಿದೆಯೇ?" ಎಂದು ಮೊದಲು ಕೇಳಿ, ಹುಡುಗಿಯ ವಿದ್ಯೆ ಉದ್ಯೋಗಗಳನ್ನು ಆಮೇಲೆ ವಿಚಾರಿಸುವ ತಾಯ್ತಂದೆಗಳು ಇದನ್ನು ಓದಿಕೊಳ್ಳಲಿ. ಮಗಳು ಅಲ್ಲಿ ಯಾವ ಕೆಲಸ ಮಾಡುವಳು ಎಂಬ ಪ್ರಶ್ನೆ ಇನ್ನು ಮೊದಲು ಬರಬೇಕು.

ನಮ್ಮ ಸರ್ಕಾರ ಮಾಡಿದ್ದೇನು? 2025ರ ಜುಲೈ 24ರಂದು ಬ್ರಿಟನ್ನಿನೊಡನೆ ವಾಣಿಜ್ಯ ಒಪ್ಪಂದಕ್ಕೆ ಸಹಿಯಾಯಿತು. ತಾತ್ಕಾಲಿಕವಾಗಿ ಹೋಗುವ ನೌಕರರಿಗೂ ಅವರ ಕಂಪನಿಗಳಿಗೂ ಅಲ್ಲಿನ ಸಾಮಾಜಿಕ ಭದ್ರತಾ ವಂತಿಗೆಯಿಂದ ಮೂರು ವರ್ಷ ವಿನಾಯಿತಿ ದೊರಕಿಸಿದೆವೆಂದು ಬೀಗಿದ್ದಾಯಿತು. ಲಾಭ ಯಾರಿಗೆ? ಹೋಗಿ ಹಿಂದಿರುಗುವವರಿಗೆ, ಕಳುಹಿಸುವ ಕಂಪನಿಗಳಿಗೆ. ಅಲ್ಲೇ ನೆಲೆನಿಂತು ದುಡಿಯುವವರ ಕಾಯಂ ವಾಸದ ಪ್ರಶ್ನೆ ಅಂಥ ಒಪ್ಪಂದದ ವ್ಯಾಪ್ತಿಗೇ ಬರುವುದಿಲ್ಲ. ಅಕ್ಟೋಬರಿನಲ್ಲಿ ಪ್ರಧಾನಿ ಸ್ಟಾರ್ಮರ್ ದೊಡ್ಡ ಉದ್ಯಮಿ ತಂಡದೊಡನೆ ಮುಂಬಯಿಗೆ ಬಂದಾಗಲೂ ವೀಸಾ ಮಾತುಕತೆಯಲ್ಲಿಲ್ಲವೆಂದು ಹೇಳಿಯೇ ಬಂದರು. ಸರಕಿಗೆ ಸುಂಕ ಇಳಿಸುವ ಚೌಕಾಸಿಯಲ್ಲಿ ಮನುಷ್ಯರ ಮಾತು ಬದಿಗೆ ಸರಿಯಿತು.

ಹೊರನಾಡಿಗರಾದ ನಾವು ಇನ್ನೊಂದು ಮಾತನ್ನೂ ನೆನೆಯಬೇಕು. 1960ರ ದಶಕದಲ್ಲಿ ಮುಂಬಯಿಯ ಬೀದಿಗಳಲ್ಲಿ ದಕ್ಷಿಣದವರ ವಿರುದ್ಧ ಕೂಗು ಎದ್ದಾಗ ನಮ್ಮ ಹಿರಿಯರ ಬೆನ್ನಿಗಿದ್ದುದು ಸಂವಿಧಾನದ 19ನೆಯ ವಿಧಿ. ದೇಶದಲ್ಲಿ ಎಲ್ಲಿಯೂ ನೆಲೆಸಬಹುದೆಂಬ ಅದರ ಮಾತನ್ನು ಯಾರೂ ನಡುವೆ ತಿದ್ದಲಿಲ್ಲ. 2024ರ ಜುಲೈಯಲ್ಲಿ ಕರ್ನಾಟಕ ಸಂಪುಟ ಖಾಸಗಿ ಉದ್ಯೋಗಗಳನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆ ತಂದು, ಕೂಡಲೇ ತಡೆಹಿಡಿದಾಗ, ಅದನ್ನು ಮೆಚ್ಚಿದ ಧ್ವನಿಗಳು ನಮ್ಮಲ್ಲಿಯೂ ಇದ್ದವು. ಲಂಡನ್ನಿನಲ್ಲಿ ನ್ಯಾಯ ಬೇಡುವವರು ಬೆಂಗಳೂರಿನಲ್ಲಿಯೂ ಅದೇ ನ್ಯಾಯವನ್ನು ಒಪ್ಪಬೇಕಾಗುತ್ತದೆ.

ಪ್ರಸ್ತಾವದ ಬಗ್ಗೆ ಅಭಿಪ್ರಾಯ ಸಲ್ಲಿಸಲು 2026ರ ಫೆಬ್ರವರಿ 12 ಕೊನೆಯ ದಿನವಾಗಿತ್ತು. ಈಗಾಗಲೇ ಅಲ್ಲಿರುವವರಿಗೆ ಪ್ರತ್ಯೇಕ ವ್ಯವಸ್ಥೆ ಬೇಕೇ ಎಂಬ ಪ್ರಶ್ನೆಯನ್ನು ಸರ್ಕಾರವೇ ಅದರಲ್ಲಿ ಕೇಳಿತ್ತು. ಜೊತೆಗೆ, ಅನೇಕರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ: ಕಾಮನ್‌ವೆಲ್ತ್ ಪ್ರಜೆಗಳಾದ ಭಾರತೀಯರು ವೀಸಾದ ಮೇಲೆ ಬ್ರಿಟನ್ನಿನಲ್ಲಿ ವಾಸವಾಗಿದ್ದಾಗಲೂ ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ನಿಮ್ಮ ಮಗ, ಮಗಳು, ಸೊಸೆ, ಅಳಿಯ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿದ್ದಾರೆಯೇ ಕೇಳಿ. ಬರೆಸಿದ್ದರೆ ತಮ್ಮ ಕ್ಷೇತ್ರದ ಸಂಸದರಿಗೆ ಪತ್ರ ಬರೆಯಲಿ, ತಾವು ಆ ಕ್ಷೇತ್ರದ ಮತದಾರರೆಂದು ಮೊದಲ ಸಾಲಿನಲ್ಲೇ ತಿಳಿಸಿ.