ಆಟಗಾರನ ಟಿ.ಸಿ. ತಡೆಯಬೇಡಿ

ಹೊಳಲು ಮತ್ತು ಸುತ್ತಲ ಊರುಗಳ ಅಪ್ಪ-ಅವ್ವಂದಿರೇ, ಕಬಡ್ಡಿ ಆಡುವ ತಮ್ಮ-ತಂಗಿಯರೇ, ಕಾಲೇಜುಗಳ ಪಿ.ಡಿ. ಮೇಷ್ಟ್ರುಗಳೇ,

ನಮ್ಮ ಕಡೆ ಹೊನಲು ಬೆಳಕಿನ ಕಬಡ್ಡಿ ನಡೆದರೆ ಅಂಕಣದ ಪಕ್ಕದಲ್ಲಿ ಕಾಲೇಜು ತರಬೇತುದಾರರೂ ನಿಂತಿರುತ್ತಾರೆ. ಒಳ್ಳೆಯ ರೈಡರ್ ಕಣ್ಣಿಗೆ ಬಿದ್ದರೆ ಮಾರನೆಯ ದಿನವೇ ಮನೆ ಬಾಗಿಲಿಗೆ ಬರುತ್ತಾರೆ. "ಫೀಸೂ ನಮ್ದೇ, ಹಾಸ್ಟೆಲ್ಲೂ ನಮ್ದೇ, ಹುಡ್ಗುನ್ನ ಕಳ್ಸಣ್ಣ" ಅನ್ನುತ್ತಾರೆ. ಬಾಯಿಮಾತು ಅಷ್ಟೇ, ಕಾಗದವಿಲ್ಲ.

ನಮ್ಮ ಮನೆಯ ಹುಡುಗನೂ ಹೀಗೇ ಒಂದು ಕಾಲೇಜು ಸೇರಿದ. ಹೇಳಿದ್ದ ಹಾಸ್ಟೆಲ್ ಸಿಗಲಿಲ್ಲ. ವರ್ಷ ಮುಗಿದ ಮೇಲೆ ಇನ್ನೊಂದು ಕಾಲೇಜಿನವರು ಕರೆದರು. ಟಿ.ಸಿ. ಕೇಳಲು ಹೋದರೆ, "ನಮ್ಮ ಮೇಲೆ ಆಡೋಕೆ ನಾವೇ ಟಿ.ಸಿ. ಕೊಡಬೇಕಾ?" ಅಂದರು. ವಾರಗಟ್ಟಲೆ ಅಲೆದೆವು. ಅಷ್ಟರಲ್ಲಿ ಆ ಕಡೆ ದಾಖಲಾತಿ ಮುಗಿಯಿತು. ಹುಡುಗ ಆ ವರ್ಷವೆಲ್ಲ ಕಬ್ಬಿಗೆ ನೀರು ಕಟ್ಟಿದ. ಅವನನ್ನು ಕರೆತಂದಿದ್ದ ತರಬೇತುದಾರರು ಅದೇ ವರ್ಷ ಬೇರೆ ಕಾಲೇಜಿಗೆ ಹೋದರು. ಅವರನ್ನು ಯಾರೂ ತಡೆಯಲಿಲ್ಲ.

ತಡೆಯಬೇಕಿತ್ತು ಎಂದು ನಾನೂ ಹೇಳುವುದಿಲ್ಲ. ನಮ್ಮ ಕಬಡ್ಡಿ ಕೋಚ್ ಬಿ.ಸಿ. ರಮೇಶ್ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಪ್ರೊ ಕಬಡ್ಡಿ ಕಪ್ ಗೆಲ್ಲಿಸಿಕೊಟ್ಟರು. 2025ರಲ್ಲಿ ಬೆಂಗಳೂರು ಬುಲ್ಸ್‌ಗೆ ಕೋಚ್ ಆಗಿ ಬಂದರು. ಅದಕ್ಕೆ ನಾವೆಲ್ಲ ಹೆಮ್ಮೆಪಟ್ಟೆವು. ಗುರುವಿಗೆ ತಪ್ಪಲ್ಲದ್ದು ಶಿಷ್ಯನಿಗೆ ದ್ರೋಹ ಹೇಗಾಗುತ್ತದೆ?

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲೂ ಇದೇ ಅನ್ಯಾಯ ಬಹಳ ಕಾಲ ನಡೆಯಿತು. ಕೋಚ್ ತಂಡ ಬಿಟ್ಟರೆ ಮರುವರ್ಷವೇ ಎದುರಾಳಿ ತಂಡವನ್ನು ನಡೆಸಬಹುದಿತ್ತು. ಕಾಲೇಜು ಬದಲಿಸಿದ ವಿದ್ಯಾರ್ಥಿ ಮಾತ್ರ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಆ ಕಟ್ಟು ಸಡಿಲವಾಯಿತು, 2024ರಲ್ಲಿ ಇನ್ನಷ್ಟು.

ನಮ್ಮ ಕ್ರಿಕೆಟ್‌ನಲ್ಲೂ ನೋಡಿ: ಕರುಣ್ ನಾಯರ್ ಗೊತ್ತಲ್ಲ, 2016ರಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ಮೇಲೆ ಔಟಾಗದೆ 303 ಹೊಡೆದವರು. ಕರ್ನಾಟಕ ತಂಡದಲ್ಲಿ ಜಾಗ ತಪ್ಪಿದ ಮೇಲೆ 2023ರಲ್ಲಿ ವಿದರ್ಭಕ್ಕೆ ಹೋದರು. 2024-25ರ ರಣಜಿಯಲ್ಲಿ 863 ರನ್ ಗಳಿಸಿದರು. ಫೈನಲ್‌ನಲ್ಲಿ 86 ಮತ್ತು 135. ಕಪ್ ವಿದರ್ಭಕ್ಕೆ ಸಿಕ್ಕಿತು. ಆಮೇಲೆ ಮತ್ತೆ ಭಾರತ ತಂಡಕ್ಕೆ ಕರೆ ಬಂತು, ಕರ್ನಾಟಕಕ್ಕೂ ಮರಳಿದರು. ಹೋಗಲು ಬಿಟ್ಟದ್ದರಿಂದಲೇ ಆ ಆಟ ಉಳಿಯಿತು.

ಪಿ.ಡಿ. ಮೇಷ್ಟ್ರುಗಳ ಸಂಕಟ ನನಗೆ ಗೊತ್ತು, ನಾನೂ ಅವರ ಕೈಯಲ್ಲೇ ಪಳಗಿದವನು. ಬೆಳಗಿನ ಜಾವ ಎದ್ದು ಬಂದು ಬೋನಸ್ ಗೆರೆ ಮುಟ್ಟುವುದನ್ನು ಕಲಿಸಿದ ಹುಡುಗ ನಾಳೆ ಎದುರು ಅಂಕಣದಲ್ಲಿ ತೊಡೆ ತಟ್ಟಿ ನಿಂತರೆ ಹೊಟ್ಟೆ ಉರಿಯುತ್ತದೆ. ಆ ಉರಿಯನ್ನು ಇಬ್ಬರು ತರಬೇತುದಾರರು, ಎರಡು ಆಡಳಿತ ಮಂಡಳಿಗಳು ಎದುರುಬದುರು ಕೂತು ತೀರಿಸಿಕೊಳ್ಳಲಿ. ಆಸೆ ತೋರಿಸಿ ಹುಡುಗನನ್ನು ಎಳೆದುಕೊಂಡ ಕಾಲೇಜನ್ನು ಪ್ರಶ್ನಿಸಲಿ. ಹದಿನೆಂಟು ವರ್ಷದ ಹುಡುಗನ ಓದನ್ನು ಒತ್ತೆ ಇಟ್ಟುಕೊಳ್ಳುವುದು ಬೇಡ.

ಟಿ.ಸಿ. ಅಷ್ಟೇ ಅಲ್ಲ, ಅಸಲು ದಾಖಲೆಗಳ ಮಾತೂ ಇದೆ. ಪದವಿ ಕಾಲೇಜುಗಳಿಗೆ ಯುಜಿಸಿ 2018ರ ಅಕ್ಟೋಬರಿನಲ್ಲೇ ಹೇಳಿದೆ: ದಾಖಲಾತಿ ಹೊತ್ತಿನಲ್ಲಿ ಅಸಲು ಅಂಕಪಟ್ಟಿ, ಪ್ರಮಾಣಪತ್ರಗಳನ್ನು ನೋಡಿ, ತಾಳೆ ಮಾಡಿ, ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ. ಇದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ತಿಳಿಯದೆ ಅಸಲನ್ನೇ ಕೊಟ್ಟು ಬರುತ್ತೇವೆ, ಆಮೇಲೆ ಕೈಕಟ್ಟಿ ನಿಲ್ಲುತ್ತೇವೆ.

ಆದ್ದರಿಂದ ಅಣ್ಣಂದಿರೇ, ಅಕ್ಕಂದಿರೇ, ಈ ಸಲ ಯಾರಾದರೂ ಮಗುವನ್ನು ಕೇಳಿಕೊಂಡು ಬಂದರೆ ಕಾಫಿ ಕೊಡಿ, ಗೌರವದಿಂದ ಮಾತಾಡಿಸಿ. ಫೀಸು, ಹಾಸ್ಟೆಲ್, ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು, ಬಿಟ್ಟು ಹೋಗಬೇಕಾದರೆ ಟಿ.ಸಿ. ಎಷ್ಟು ದಿನದಲ್ಲಿ ಕೊಡುತ್ತಾರೆ ಎಂದು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಬರೆಸಿ, ಪ್ರಾಂಶುಪಾಲರ ಸಹಿ ಹಾಕಿಸಿಕೊಳ್ಳಿ. ಟಿ.ಸಿ. ಸಿಗದೆ ಕೂತಿರುವ ಹುಡುಗ ನಿಮ್ಮ ಬೀದಿಯಲ್ಲಿದ್ದರೆ ಅವನೊಬ್ಬನನ್ನೇ ಕಳಿಸಬೇಡಿ. ನಾಲ್ಕು ಜನ ಜೊತೆಗೆ ಹೋಗಿ, ಅರ್ಜಿ ಕೊಟ್ಟು, ಇನ್ನೊಂದು ಪ್ರತಿಗೆ ಕಚೇರಿಯ ಸೀಲು ಹಾಕಿಸಿಕೊಂಡು ಬನ್ನಿ.

— ಹೊಳಲಿನ ಒಬ್ಬ ಹಳೆಯ ಕಬಡ್ಡಿ ಆಟಗಾರ