ದೂರದ ಬೆಟ್ಟ, ಹತ್ತಿರದ ಬೆಟ್ಟ

ದೂರದ ಬೆಟ್ಟ ನುಣ್ಣಗೆ ಎಂಬ ಮಾತನ್ನು ನಮ್ಮ ಹಿರಿಯರು ಎಚ್ಚರಿಕೆಗಾಗಿ ಹೇಳಿದರು. ಈಗಿನ ಪ್ರವಾಸದ ವ್ಯಾಪಾರಿಗಳು ಅದನ್ನೇ ಜಾಹೀರಾತು ಮಾಡಿಕೊಂಡಿದ್ದಾರೆ. ಬೆಟ್ಟ ದೂರವಿರಬೇಕು, ನುಣ್ಣಗಿರಬೇಕು, ಕೋಣೆಯ ಕಿಟಕಿಯ ಚೌಕಟ್ಟಿನೊಳಗೆ ಅಚ್ಚುಕಟ್ಟಾಗಿ ಕೂರಬೇಕು. ಅದರ ಮುಂದೊಂದು ಸರೋವರವೂ ಇದ್ದರೆ ಬಾಡಿಗೆ ಇನ್ನಷ್ಟು ಹೆಚ್ಚು. ಈ ವ್ಯಾಪಾರದ ಮೇಲೆ ನನ್ನದೊಂದು ತಕರಾರಿದೆ. ಅದನ್ನು ಹೇಳಲು ವಾಚಕರನ್ನು ತುಸು ದೂರ, ಜಪಾನಿನ ಉತ್ತರದ ಹೊಕ್ಕೈದೊ ದ್ವೀಪದ ತೋಯಾ ಸರೋವರದವರೆಗೆ, ಕರೆದೊಯ್ಯಬೇಕಾಗಿದೆ.

ಹೋದ ವರ್ಷ ಅಕ್ಟೋಬರಿನಲ್ಲಿ ಬೆಂಗಳೂರಿನ ಒಂದು ಪ್ರವಾಸಿ ತಂಡದೊಡನೆ ನಾನಲ್ಲಿಗೆ ಹೋಗಿದ್ದೆ. ಸುಮಾರು ಒಂದು ಲಕ್ಷ ವರ್ಷಗಳ ಹಿಂದೆ ಜ್ವಾಲಾಮುಖಿಯೊಂದು ಸಿಡಿದು ಕುಸಿದ ಗುಳಿಯಲ್ಲಿ ನೀರು ನಿಂತು ಆದ ಸರೋವರವದು. ಅಡ್ಡಗಲ ಹತ್ತು ಕಿಲೋಮೀಟರಿನಷ್ಟು, ಆಳ ನೂರೆಂಬತ್ತು ಮೀಟರಿನಷ್ಟು. ಅಷ್ಟು ಉತ್ತರದಲ್ಲಿದ್ದರೂ ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ. ನಡುವೆ ಕಾಡು ತುಂಬಿದ ದ್ವೀಪಗಳು. ಆಚೆಗೆ, ಫೂಜಿಯ ತಮ್ಮನಂತೆ ಕಾಣುವ ಯೋತೈ ಪರ್ವತ, 1,898 ಮೀಟರ್. ಈ ನೋಟಕ್ಕೆ ಮುಖಮಾಡಿ ಹೊಟೇಲುಗಳು ದಡದುದ್ದಕ್ಕೂ ಸಾಲಾಗಿ ನಿಂತಿವೆ. ಸರೋವರದ ಕಡೆಯ ಕೋಣೆಗೆ ಒಂದು ದರ, ಹಿಂಬದಿಯ ಕೋಣೆಗೆ ಕಡಿಮೆ ದರ. ಲೋಭಿಯೆಂದು ಮನೆಯಲ್ಲಿ ಹೆಸರಾದ ನಾನು ಹಿಂಬದಿಯದನ್ನೇ ಹಿಡಿದೆ. ನನ್ನ ಕಿಟಕಿಯಿಂದ ಕಂಡದ್ದು ಒಂದು ಕುರುಚಲು ಗುಡ್ಡ, ಅಷ್ಟೆ. ಅದರ ಹೆಸರು ಆಗ ನನಗೆ ಮುಖ್ಯವೆನಿಸಲಿಲ್ಲ.

ಸಂಜೆ ಸ್ನಾನ. ಅಲ್ಲಿಯ ಪದ್ಧತಿ ಗೊತ್ತಿದ್ದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ: ಗಿಡ್ಡ ಮಣೆಯ ಮೇಲೆ ಕೂತು ಮೊದಲು ಮೈ ತಿಕ್ಕಿ ತೊಳೆದುಕೊಳ್ಳಬೇಕು, ಆಮೇಲೆ ಬತ್ತಲಾಗಿಯೇ ಎಲ್ಲರೊಡನೆ ಕೊಳಕ್ಕಿಳಿಯಬೇಕು. ನಮ್ಮ ತಂಡದಲ್ಲಿ ನಿವೃತ್ತ ಅಧಿಕಾರಿಗಳಾದ ರಾಯರೊಬ್ಬರಿದ್ದರು. ಅವರು ಮೊದಲು “ಶಿವ ಶಿವ!” ಎಂದರು, ಕೊರಳಮಟ್ಟ ನೀರಿಗಿಳಿದ ಮೇಲೆ “ಏಳಲು ಮನಸ್ಸೇ ಬಾರದಲ್ಲ ಸ್ವಾಮಿ” ಎಂದರು. ನಿಜವೇ. ಎಣ್ಣೆನೀರಿನ ದಿನದ ಹಂಡೆಯ ಸುಖವನ್ನು ಬಲ್ಲ ನಮಗೆ ಅದರ ರುಚಿ ಹತ್ತಲು ತಡವಾಗಲಿಲ್ಲ. ರಾತ್ರಿ ಸರೋವರದ ಮೇಲೆ ಬಾಣಬಿರುಸು ಹಾರಿಸಿದರು. ಏಪ್ರಿಲಿನಿಂದ ಅಕ್ಟೋಬರಿನವರೆಗೆ ದಿನವೂ ಅಲ್ಲಿ ದೀಪಾವಳಿ. ನನ್ನ ಕೋಣೆಗೆ ಅದರ ಸದ್ದು ಮಾತ್ರ ಬಂತು.

ಮರುದಿನ ಬೆಳಿಗ್ಗೆ ನಮ್ಮನ್ನು ಹೊಟೇಲುಗಳ ಬೆನ್ನಿಗೆ, ನಡೆದೇ ಹೋಗುವಷ್ಟು ಹತ್ತಿರದ ಒಂದು ಜಾಗಕ್ಕೆ ಕರೆದೊಯ್ದರು. ಅಲ್ಲೊಂದು ವಸತಿ ಕಟ್ಟಡ. ಕೆಳಗಿನ ಅಂತಸ್ತಿನೊಳಗೆ ಕೆಸರು ನುಗ್ಗಿ ಗಟ್ಟಿಯಾಗಿದೆ. ಕೆಸರಿನಲ್ಲಿ ತೇಲಿಬಂದ ಸೇತುವೆಯೊಂದು ಆ ಕಟ್ಟಡಕ್ಕೆ ಡಿಕ್ಕಿ ಹೊಡೆದಿತ್ತಂತೆ. ಪಕ್ಕದಲ್ಲಿ ಇನ್ನೊಂದು ಹಾಳು ಕಟ್ಟಡ: ಊರಿನವರ ಸಾರ್ವಜನಿಕ ಸ್ನಾನಗೃಹ. ಇದೆಲ್ಲ 2000ದ ಮಾರ್ಚ್ 31ರಂದು ಸಿಡಿಯತೊಡಗಿದ ಉಸು ಪರ್ವತದ ಕೆಲಸ. ನನ್ನ ಕಿಟಕಿಯ ಕುರುಚಲು ಗುಡ್ಡ ಅದರದೇ ಮೈಯೆಂದು ಆಗ ತಿಳಿಯಿತು. ಊರಿನವರು ಈ ಅವಶೇಷಗಳನ್ನು ಕೆಡವದೆ, ಬೇಕೆಂದೇ ಹಾಗೆಯೇ ಉಳಿಸಿದ್ದಾರೆ.

ರಾಯರ ಮುಖ ಸಪ್ಪಗಾಯಿತು. “ದುಡ್ಡು ಕೊಟ್ಟು ಬಂದವರಿಗೆ ಇದನ್ನೆಲ್ಲ ಏಕೆ ತೋರಿಸುತ್ತಾರೆ? ಕೆರೆಯಿದೆ, ಬಿಸಿನೀರಿದೆ, ಎದುರಿಗೆ ಅಂಥ ಬೆಟ್ಟವಿದೆ. ಸಾಲದೆ?” ಎಂದರು. ತಂಡದ ಹಲವರು ತಲೆಯಾಡಿಸಿದರು.

ನನ್ನ ತಕರಾರು ಈ ತಲೆಯಾಡಿಸುವಿಕೆಯ ಮೇಲೆ. ಏಕೆಂದರೆ ಹಿಂದಿನ ಸಂಜೆ ನಾವು ಏಳಲಾರದೆ ಕೂತಿದ್ದ ಆ ನೀರು ಯಾರದು? 1910ರಲ್ಲಿ ಉಸು ಸಿಡಿಯಿತು. ದಡದಲ್ಲಿ ಬಿಸಿನೀರು ಸಿಕ್ಕಿದ್ದು 1917ರಲ್ಲಿ. ಆ ಬೆಟ್ಟ ಸಿಡಿಯದಿದ್ದರೆ ಆ ಪೇಟೆಯಿಲ್ಲ, ಆ ಹೊಟೇಲಿಲ್ಲ, ರಾಯರ ಸುಖವೂ ಇಲ್ಲ. ನೀರು ಕಾಯಿಸಿದ ಬೆಂಕಿಯೇ ಸ್ನಾನಗೃಹವನ್ನೂ ಕೆಡವಿತು. ಒಂದನ್ನು ಕೊಡು, ಇನ್ನೊಂದನ್ನು ಬಚ್ಚಿಡು ಎಂದು ಬೆಟ್ಟಕ್ಕೆ ಹೇಳಲಾಗದು, ಊರಿನವರಿಗೆ ಹೇಳುತ್ತೇವೆ.

ಊರಿನವರೂ ಒಮ್ಮೆ ಬಚ್ಚಿಟ್ಟವರೇ. 1943ರ ಕೊನೆಯಲ್ಲಿ ಉಸುವಿನ ಪಕ್ಕದ ಗೋಧಿ ಹೊಲಗಳು ಉಬ್ಬತೊಡಗಿ, 1945ರ ಹೊತ್ತಿಗೆ ಹೊಸ ಬೆಟ್ಟವೇ ಎದ್ದು ನಿಂತಿತು. ಯುದ್ಧದ ಕಾಲ, ಸರಕಾರ ಸುದ್ದಿಯನ್ನು ಅದುಮಿತು. ಮಿಮಾತ್ಸು ಮಸಾವೊ ಎಂಬ ಅಂಚೆಮಾಸ್ತರರು ಮಾತ್ರ ದಾರ ಕಟ್ಟಿ, ಗಲ್ಲ ಊರಲು ಒಂದು ನೆಲೆ ಮಾಡಿಕೊಂಡು, ಬೆಟ್ಟ ಬೆಳೆದ ಬಗೆಯನ್ನು ಬರೆದಿಟ್ಟರು. 1948ರಲ್ಲಿ ಓಸ್ಲೋದಲ್ಲಿ ಸೇರಿದ ವಿಜ್ಞಾನಿಗಳು ಆ ನಕ್ಷೆಯನ್ನು ಕಂಡು ಬೆರಗಾದರು. 1977ರಲ್ಲಿ ಉಸು ಮತ್ತೆ ಸಿಡಿಯಿತು. ಮರುವರ್ಷದ ಮಳೆಗೆ ಬೂದಿ ಕೆಸರಾಗಿ ಹರಿದು ಪೇಟೆಯಲ್ಲಿ ಪ್ರಾಣಹಾನಿಯಾಯಿತು. ಅಷ್ಟಾದರೂ, ಯಾವ ಜಾಗಕ್ಕೆ ಅಪಾಯವೆಂದು ತೋರಿಸುವ ನಕ್ಷೆಯನ್ನು ಬಹಿರಂಗವಾಗಿ ಹಂಚಲು ಅಳುಕು. ಅತಿಥಿಗಳು ಹೆದರಿ ಬಾರದಿದ್ದರೆ ಗತಿಯೇನು? ಅಂದರೆ ರಾಯರಂಥವರ ಮುಖ ಸಪ್ಪಗಾದೀತೆಂಬ ಭಯಕ್ಕೆ ಒಂದು ಊರು ತನ್ನ ಪ್ರಾಣದ ವಿಷಯವನ್ನೇ ಮುಚ್ಚಿಟ್ಟುಕೊಂಡಿತ್ತು.

ಕೊನೆಗೆ 1995ರಲ್ಲಿ ನಕ್ಷೆ ಮನೆಮನೆಗೂ ಹೋಯಿತು. ಅಷ್ಟರಲ್ಲಾಗಲೇ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ದು ಅದರ ಸ್ವಭಾವವನ್ನು ಕಲಿಸುವುದೂ ಶುರುವಾಗಿತ್ತು. 2000ದ ಮಾರ್ಚಿನಲ್ಲಿ ನೆಲ ನಡುಗತೊಡಗಿದಾಗ ವಿಜ್ಞಾನಿಗಳು ಎಚ್ಚರಿಸಿದರು, ಜನ ನಂಬಿದರು. ಸಿಡಿಯುವ ಮೊದಲೇ ಹತ್ತು ಸಾವಿರಕ್ಕೂ ಮಿಕ್ಕಿದ ಜನ ಹೊರಟುಹೋಗಿದ್ದರು. ಮನೆಗಳು ಹೋದವು, ರಸ್ತೆಗಳು ಹೋದವು. ಸತ್ತವರು ಒಬ್ಬರೂ ಇಲ್ಲ. ಅತಿಥಿಗಳು ಓಡಿಹೋದರೆ? ಇಲ್ಲ, ನಾವೇ ಹೋಗಿದ್ದೆವಲ್ಲ!

ಪರದೇಶದ ಪುರಾಣ ನಮಗೇಕೆಂದು ಕೇಳುವವರಿಗೆ ಉತ್ತರವಿದೆ. ಜಪಾನಿನಲ್ಲಿ ಒಂದು ರಾತ್ರಿ ಕಳೆಯುವವರು ನಮ್ಮಲ್ಲಿ ಕೆಲವರಾದರೆ, ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ, ವಯನಾಡಿನಲ್ಲಿ ಕಳೆಯುವವರು ಸಾವಿರಾರು. ಕೋಣೆ ಕಾದಿರಿಸಲು ಫೋನು ಮಾಡಿದಾಗ ನಮ್ಮ ಮೊದಲ ಪ್ರಶ್ನೆ, “ವ್ಯೂ ಇದೆಯೆ?” ಇದೆ ಎನ್ನಿಸಲು ಯಾರೋ ಇಳಿಜಾರನ್ನು ಕಡಿಯುತ್ತಾರೆ, ಮರ ಉರುಳಿಸುತ್ತಾರೆ, ಅಂಚಿಗೆ ಕಂಬ ನೆಡುತ್ತಾರೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ ಗುಡ್ಡಗಳು ಜರಿದವು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್ಮಲಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಣ್ಣುಪಾಲಾದರು. ಎಲ್ಲ ಕುಸಿತಕ್ಕೂ ಪ್ರವಾಸಿಯೇ ಕಾರಣವೆಂದು ನಾನು ಹೇಳುವುದಿಲ್ಲ. ಮಳೆಯಿದೆ, ರಸ್ತೆಯಿದೆ, ತೋಟವಿದೆ. ಆದರೆ ಪಶ್ಚಿಮಘಟ್ಟದ ಯಾವ ಭಾಗ ಎಷ್ಟು ನಾಜೂಕೆಂದು ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿಯೇ ಹೇಳಿತ್ತು. ಅದನ್ನು ಬದಿಗಿಟ್ಟು ಕಸ್ತೂರಿರಂಗನ್ ವರದಿ ತರಿಸಿದರು. ಅದನ್ನೂ ನಮ್ಮ ರಾಜ್ಯದ ಸಂಪುಟ, ವಯನಾಡಿನ ಮಣ್ಣು ಆರುವ ಮೊದಲೇ, 2024ರ ಸೆಪ್ಟೆಂಬರಿನಲ್ಲಿ ತಿರಸ್ಕರಿಸಿತು. ಜೀವನೋಪಾಯ ಹೋದೀತೆಂಬ ಬಡ ಬೆಳೆಗಾರನ ಭಯ ಸುಳ್ಳಲ್ಲ. ಅದಕ್ಕೆ ಸರಕಾರ ಉತ್ತರ ಕೊಡಬೇಕು. ಎರಡು ದಿನದ ಅತಿಥಿಗಳಾದ ನಮಗೆ ಯಾವ ನೆಪವಿದೆ?

ದಣಿದವನು ರಜೆಯಲ್ಲಿ ಸಾವುನೋವಿನ ಕಥೆ ಕೇಳಬೇಕೆ ಎನ್ನಬಹುದು. ನನ್ನ ಅನುಭವ ಹೇಳುತ್ತೇನೆ. ಎರಡನೆಯ ಸಂಜೆಯೂ ನಾನು ಆ ಕೊಳಕ್ಕಿಳಿದೆ. ನೀರಿನ ಬಿಸಿ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಅದು ಎಲ್ಲಿಂದ ಬಂತು, ಅದಕ್ಕಾಗಿ ಪಕ್ಕದವರು ಏನು ತೆರುತ್ತಾರೆ ಎಂಬುದು ಗೊತ್ತಿತ್ತು. ಅನ್ನ ಉಣ್ಣುವಾಗ ಬೆಳೆದವನ ನೆನಪಾದರೆ ಅನ್ನ ಕಹಿಯಾಗುವುದುಂಟೆ?

ಆದುದರಿಂದ ಇನ್ನು ಮುಂದೆ ಕೋಣೆ ಕೇಳುವಾಗ ಇನ್ನೂ ಎರಡು ಪ್ರಶ್ನೆ ಕೇಳೋಣ: ಈ ಗುಡ್ಡ ಹಿಂದೆ ಎಂದಾದರೂ ಜರಿದಿತ್ತೆ? ಜರಿದರೆ ಇಲ್ಲಿಯ ಜನ ಯಾವ ಕಡೆಗೆ ಓಡಬೇಕು? ಸಾವಿರ ಅತಿಥಿಗಳು ಕೇಳಿದರೆ ಯಜಮಾನನು ಉತ್ತರ ಹುಡುಕಲೇಬೇಕು. ನಕ್ಷೆ ಗೋಡೆಗೆ ಬಂದೀತು. ರಾಯರು ಇದನ್ನು ಓದಿ ಮುನಿಸಿಕೊಂಡರೂ ಚಿಂತೆಯಿಲ್ಲ. ಅವರು ತೋಯಾದಲ್ಲಿ ತೆಗೆದ ನೂರಾರು ಚಿತ್ರಗಳನ್ನು ನನಗೆ ತೋರಿಸಿದರು. ಯೋತೈ ಎಲ್ಲದರಲ್ಲಿಯೂ ಇದೆ. ಅವರಿಗೆ ಬಿಸಿನೀರು ಕೊಟ್ಟ ಉಸು ಒಂದರಲ್ಲಿಯೂ ಇಲ್ಲ.