ಹಾಡಿಗೂ ಬಾಡಿಗೆಯೇ?

ಮೊನ್ನೆ ಡೊಂಬಿವಲಿ ಲೋಕಲ್‌ನಲ್ಲಿ ನಮ್ಮ ಬ್ರಾಂಚಿನ ಹುಡುಗ ಸಿಕ್ಕಿದ್ದ. ಬೆಳಗಾವಿ ಕಡೆಯವನು. "ಸರ್, ಇನ್ನೂ ಹಾಡಿನ ಫೈಲ್ ಇಟ್ಕೊಂಡು ಕುಂತೀರೇನ್ರಿ? ತಿಂಗಳಿಗಿಷ್ಟು ರೊಕ್ಕ ಕಟ್ಟಿದ್ರ ಎಲ್ಲಾ ಹಾಡೂ ಫೋನಿನ್ಯಾಗ ಬರ್ತಾವು" ಅಂದ. ಅಷ್ಟರಲ್ಲಿ ಥಾಣೆ ಬಂತು, ಜನ ನುಗ್ಗಿದರು, ಉತ್ತರ ಗಂಟಲಲ್ಲೇ ಉಳಿಯಿತು. ಇಲ್ಲಿ ಕೊಡುತ್ತಿದ್ದೇನೆ.

ಸ್ವಾಮಿ, ನಾನು ಬ್ಯಾಂಕಿನವನು. ಠೇವಣಿಗೂ ಬಾಡಿಗೆಗೂ ವ್ಯತ್ಯಾಸ ಗೊತ್ತು. ಮೂವತ್ತು ವರ್ಷ ಬಾಡಿಗೆ ಕಟ್ಟಿದರೂ ಗೋಡೆಗೆ ಮೊಳೆ ಹೊಡೆಯಲು ಮಾಲೀಕನನ್ನು ಕೇಳಬೇಕು. ಗೂಗಲ್ ಪ್ಲೇ ಮ್ಯೂಸಿಕ್ ನೆನಪಿದೆಯಾ? ನಮ್ಮದೇ ಹಾಡುಗಳನ್ನು, 50,000ದವರೆಗೆ, ಅಲ್ಲಿ ಏರಿಸಿ ಇಡಬಹುದಿತ್ತು. 2020ರ ಕೊನೆಗೆ ಅಂಗಡಿ ಮುಚ್ಚಿತು. ಬೇರೆ ಕಡೆ ಸಾಗಿಸಿಕೊಳ್ಳಲು ಗಡುವು ಕೊಟ್ಟರು, ಇಲ್ಲವೆನ್ನೋಲ್ಲ. ಆದರೆ ಗಡುವು ಕೊಡುವವನು ಯಾರು, ಓಡುವವನು ಯಾರು? 2024ರಲ್ಲಿ ವಿಂಕ್ ಕೂಡ ಹೋಯಿತು.

ನನ್ನ ಹತ್ತಿರ ಇರುವುದು ಮಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ಲಿನಕ್ಸ್, ಅದರ ಮೇಲೆ ಎಂಪಿಡಿ, ಅಂದರೆ ಮ್ಯೂಸಿಕ್ ಪ್ಲೇಯರ್ ಡೀಮನ್. ಭೂತಪ್ರೇತ ಅಲ್ಲ, ತೆರೆಮರೆಯಲ್ಲಿ ಕೂತು ಕೆಲಸ ಮಾಡುವ ಪ್ರೋಗ್ರಾಮಿಗೆ ಹಾಗೆನ್ನುತ್ತಾರೆ. 2003ರಿಂದ ಇದೆ, ಪುಕ್ಕಟೆ. ಕಪ್ಪು ಪರದೆಯಲ್ಲಿ 'ಎಂಪಿಸಿ ಪ್ಲೇ' ಅಂತ ಟೈಪ್ ಮಾಡಿದರೆ ಹಾಡು ಶುರು. ಸೆಟ್ಟಿಂಗ್ಸ್ ಫೈಲಿನಲ್ಲಿ ನಾಲ್ಕಾರು ಸಾಲು ಸೇರಿಸಿದೆ, ಈಗ ಅದೇ ಹಾಡು ವೈಫೈ ಮೇಲೆ ಅಡುಗೆಮನೆಯ ಫೋನಿನಲ್ಲೂ ಬರುತ್ತದೆ. ಜಾಹೀರಾತಿಲ್ಲ, 'ನಿಮಗಿದು ಇಷ್ಟವಾಗಬಹುದು' ಎಂಬ ಉಪದೇಶವಿಲ್ಲ.

ಕಪ್ಪು ಪರದೆ ಕಂಡರೆ ಭಯವೇ? ನಮ್ಮ ಕಾಲದ ಬ್ಯಾಂಕಿನವರು ಎಎಲ್‌ಪಿಎಂನಲ್ಲಿ ಲೆಡ್ಜರ್ ಪೋಸ್ಟಿಂಗ್ ಮಾಡಿದ್ದು ಇಂಥದರ ಮೇಲೇ. ಮೌಸ್ ಇರಲಿಲ್ಲ, ಬ್ಯಾಲೆನ್ಸ್ ತಪ್ಪುತ್ತಿರಲಿಲ್ಲ. (ಸರಿ, ಒಮ್ಮೊಮ್ಮೆ ತಪ್ಪುತ್ತಿತ್ತು.) ಒಂದು ಕೊರತೆಯಂತೂ ನಿಜ. ಈ ಪರದೆಗೆ ಕನ್ನಡ ಒಗ್ಗೋಲ್ಲ, ಒತ್ತಕ್ಷರ ಒಂದು ಕಡೆ, ಕೊಂಬು ಇನ್ನೊಂದು ಕಡೆ. ಫೈಲುಗಳಿಗೆ ಇಂಗ್ಲಿಷ್ ಅಕ್ಷರದಲ್ಲೇ ಹೆಸರಿಟ್ಟಿದ್ದೇನೆ, ನಾಚಿಕೆಯಾಗುತ್ತದೆ.

ಕದ್ದು ಇಳಿಸಿಕೊಳ್ಳಿ ಅನ್ನುತ್ತಿಲ್ಲ. ಕಾಳಿಂಗರಾಯರು, ಅಶ್ವಥ್, ಮನ್ಸೂರರು, ಎಲ್ಲ ದುಡ್ಡು ಕೊಟ್ಟು ತಂದ ಸಿಡಿಗಳೇ. ಅವು ಆಪ್‌ಗಳಲ್ಲೂ ಸಿಕ್ಕಾವು. ಆದರೆ 'ಎಲ್ಲಾ ಹಾಡೂ' ಅಂದನಲ್ಲ, ಅಲ್ಲಿ ನನ್ನ ತಕರಾರು.

1994ರಲ್ಲಿ ರಜೆಗೆ ಗದಗಿಗೆ ಹೋದಾಗ ಟೂ-ಇನ್-ಒನ್‌ನಲ್ಲಿ ಅವ್ವನ ಹಾಡು ತುಂಬಿಕೊಂಡು ಬಂದಿದ್ದೆ. ಬೀಸುವ ಕಲ್ಲಿನ ಪದ, ತೊಟ್ಟಿಲ ಪದ, ನಡುವೆ "ಸಾಕ್ ಬಿಡೋ ಇನ್ನ, ಹಾಲು ಉಕ್ಕತೈತಿ" ಅನ್ನುವುದೂ ಇದೆ. 2008ರಲ್ಲಿ ಕಂಪ್ಯೂಟರಿಗೆ ಇಳಿಸುವಷ್ಟರಲ್ಲಿ ಒಂದು ಬದಿಗೆ ಬೂಷ್ಟು ಹಿಡಿದಿತ್ತು. ಇಲ್ಲಿನ ಮಳೆಗಾಲ ನಿಮಗೆ ಗೊತ್ತಲ್ಲ. ಉಳಿದದ್ದು 22 ನಿಮಿಷ. ಅವ್ವ ಈಗಿಲ್ಲ. ಯಾವ ಕಂಪನಿಯ ಪಟ್ಟಿಯಲ್ಲಿದೆ ಈ 22 ನಿಮಿಷ, ಹುಡುಕಿಕೊಡಪ್ಪಾ! ಮೂರು ಕಾಪಿ ಮಾಡಿದ್ದೇನೆ, ಒಂದು ವಾಶಿಯಲ್ಲಿ ತಂಗಿಯ ಮನೆಯಲ್ಲಿದೆ.

ಕಲ್ಯಾಣ, ಥಾಣೆ, ನವಿ ಮುಂಬಯಿಯ ನಿಮ್ಮ ಮನೆಗಳಲ್ಲೂ ಅಟ್ಟದ ಮೇಲೆ ಇಂಥ ಡಬ್ಬಿ ಇದ್ದೇ ಇರುತ್ತದೆ. ಈ ಭಾನುವಾರ ಇಳಿಸಿ. ಬೂಷ್ಟು ಕಂಡರೆ ಸೀದಾ ಪ್ಲೇಯರಿಗೆ ಹಾಕಬೇಡಿ, ಟೇಪು ಸಿಕ್ಕಿಕೊಂಡು ಹರಿದೀತು. ಪ್ಲೇಯರ್ ಇಲ್ಲದವರು ನಮ್ಮಲ್ಲಿಗೆ ಬನ್ನಿ. ಹೋದ ತಿಂಗಳಷ್ಟೇ ಬೆಲ್ಟ್ ಹೊಸದು ಹಾಕಿಸಿದ್ದೇನೆ.